ಬ್ಯಾಗ್ ಹೊಲಿಯೋರೂ ರೀಲ್ಸ್‌ಗೆ ಕುಣಿಯಲೇಬೇಕಾ? ಸಣ್ಣ ವ್ಯವಹಾರದವರ ಅನುಭವಗಳು

ಪ್ರಶ್ನೆ: ನಾನೂ ತಂಗಿಯೂ ಸೇರಿ ಬಟ್ಟೆ ಬ್ಯಾಗ್ ಹೊಲಿದು ಮಾರ್ತೀವಿ. ಇನ್‌ಸ್ಟಾಗ್ರಾಂ ಪೇಜ್ ಇದೆ, ಗೂಗಲ್ ಮ್ಯಾಪ್‌ನಲ್ಲಿ ಹೆಸರಿದೆ, ವಾಟ್ಸಾಪ್‌ನಲ್ಲಿ ಆರ್ಡರ್ ತಗೋತೀವಿ. "ದಿನಾ ಪೋಸ್ಟ್ ಹಾಕಿ, ಮುಖ ತೋರಿಸಿ, ಕಷ್ಟದ ಕಥೆ ಹೇಳಿ, ಆಗಲೇ ಜನ ನಂಬೋದು" ಅಂತ ಸಿಕ್ಕಿದವರೆಲ್ಲ ಹೇಳ್ತಾರೆ. ನಮಗೆ ಅದು ಒಗ್ಗಲ್ಲ. ನಾಟಕ ಆಡದೆ, ಆದರೆ ಪೇಜ್ ಪಾಳೂ ಬೀಳದ ಹಾಗೆ ನೋಡಿಕೊಳ್ಳೋದು ಹೇಗೆ? ಮಾಡಿ ನೋಡಿದವರು ಹೇಳಿ.

ಸೈಕಲ್ ರಿಪೇರಿ ಮಾಡುವವರು:

ಮುಖ ತೋರಿಸೋದು ಬಿಡೋದು ನಿಮ್ಮಿಷ್ಟ ಅಕ್ಕಾ. ನನ್ನ ಪೇಜ್‌ನಲ್ಲಿ ಎಲ್ಲೂ ನನ್ನ ಮುಖ ಇಲ್ಲ, ಬರೀ ಗ್ರೀಸ್ ಮೆತ್ತಿದ ಕೈ. ಅದರಿಂದ ಒಬ್ಬ ಗಿರಾಕಿಯೂ ವಾಪಸ್ ಹೋಗಿಲ್ಲ.

ನಮ್ಮನ್ನ ಹುಡುಕೋ ಬಹಳಷ್ಟು ಜನಕ್ಕೆ ಬೇಕಾಗಿರೋದು ಕಥೆ ಅಲ್ಲ. ಈಗ ಬಾಗಿಲು ತೆಗೆದಿದೆಯಾ, ನನ್ನ ಕೆಲಸ ಇಲ್ಲಿ ಆಗುತ್ತಾ, ಫೋನ್ ಎತ್ತುತ್ತಾರಾ, ಇಷ್ಟೇ. ಹಾಗಾಗಿ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿ ಮಾಡಿ (ಮ್ಯಾಪ್‌ನಲ್ಲಿ ನಮ್ಮ ಹೆಸರು, ಸಮಯ, ಫೋನ್ ತೋರಿಸೋ ಪುಟ; 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತಿದ್ದರಲ್ಲ, ಅದೇ). ಒಮ್ಮೆ ತುಂಬಿ ಸುಮ್ಮನಾದರೆ ಆಗಲ್ಲ. ಅಲ್ಲಿ ಯಾರು ಬೇಕಾದರೂ "ಸಮಯ ತಪ್ಪಾಗಿದೆ", "ಈ ಅಂಗಡಿ ಮುಚ್ಚಿದೆ" ಅಂತ ತಿದ್ದುಪಡಿ ಸೂಚಿಸಬಹುದು, ಗೂಗಲ್‌ಗೆ ಸರಿ ಅನಿಸಿದರೆ ನಮ್ಮನ್ನ ಕೇಳದೆಯೇ ಬದಲಾಯಿಸಿಬಿಡುತ್ತೆ. ಆಗಾಗ ಹೊರಗಿನವರ ಥರ ನಮ್ಮ ಹೆಸರನ್ನ ನಾವೇ ಹುಡುಕಿ ನೋಡಬೇಕು. ರಜೆ ಇದ್ದ ದಿನಕ್ಕೆ ಅಂತ ವಿಶೇಷ ಸಮಯ ಹಾಕೋ ಜಾಗ ಬೇರೆಯೇ ಇದೆ, ಅದನ್ನ ಬಳಸಿ. ಮ್ಯಾಪ್‌ನಲ್ಲಿ "ತೆರೆದಿದೆ" ಅಂತ ನೋಡಿ ಬಂದವನಿಗೆ ಬೀಗ ಕಂಡರೆ ನಿಮ್ಮ ಬೇರೆ ಯಾವ ಪೋಸ್ಟನ್ನೂ ಅವನು ನಂಬಲ್ಲ.

ದಿನಾ ಪೋಸ್ಟ್ ಅಂತೂ ನನ್ನ ಕೈಲಾಗಲ್ಲ. ಕೆಲಸ ಮುಗಿದ ಸೈಕಲ್ ಚೆನ್ನಾಗಿ ಕಂಡರೆ ಹಾಕ್ತೀನಿ, ಇಲ್ಲದಿದ್ದರೆ ಇಲ್ಲ.

ಮರಗೆಲಸದವರು:

ನಿಮ್ಮದು ಬಟ್ಟೆ ಆಗಿರೋದರಿಂದ ಫೋಟೋ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ. ಆನ್‌ಲೈನ್‌ನಲ್ಲಿ ನಿಮ್ಮ ಪ್ರಾಮಾಣಿಕತೆ ಪರೀಕ್ಷೆ ಆಗೋದೇ ಅಲ್ಲಿ, ಪಾರ್ಸೆಲ್ ಬಿಚ್ಚಿದ ಕ್ಷಣದಲ್ಲಿ.

ಹಳದಿ ಬಲ್ಬಿನ ಕೆಳಗೆ ತೆಗೆದರೆ ಬಿಳಿ ಬಟ್ಟೆ ಕೆನೆಬಣ್ಣ ಆಗುತ್ತೆ, ನೀಲಿ ಮಂಕಾಗುತ್ತೆ. ಒಂದೇ ಫೋಟೋದಲ್ಲಿ ಕಿಟಕಿ ಬೆಳಕೂ ಬಲ್ಬೂ ಸೇರಿದರೆ ಬ್ಯಾಗಿನ ಒಂದು ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಮತ್ತೊಂದು ಬಣ್ಣ. ಲೈಟ್ ಆರಿಸಿ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಇಡಿ. ಬ್ಯಾಗಿನ ಜೊತೆ ಒಂದು ಬಿಳಿ ಹಾಳೆ ಇಟ್ಟು ತೆಗೆದು, ಹಾಳೆ ಬಿಳಿಯಾಗೇ ಕಾಣುತ್ತಾ ನೋಡಿ. ಕಂಡರೆ ಬಟ್ಟೆಯ ಬಣ್ಣವೂ ಹೆಚ್ಚುಕಮ್ಮಿ ಸರಿ ಬಂದಿದೆ ಅಂತ ಅರ್ಥ. ಫಿಲ್ಟರ್ ಮುಟ್ಟಲೇಬೇಡಿ.

ಅಳತೆ ಬರೆದರೆ ಯಾರೂ ಓದಲ್ಲ. ಬ್ಯಾಗನ್ನ ಹೆಗಲಿಗೆ ಹಾಕಿಕೊಂಡು ಒಂದು ಫೋಟೋ (ಮುಖ ಬೇಡ ಅಂದರೆ ಕತ್ತಿನಿಂದ ಕೆಳಗೆ ಸಾಕು), ಒಳಗೆ ನೋಟ್‌ಬುಕ್ಕೋ ನೀರಿನ ಬಾಟಲಿಯೋ ಇಟ್ಟು ಇನ್ನೊಂದು. ಒಳಗಡೆ ತಿರುಗಿಸಿ ಹೊಲಿಗೆಯನ್ನೂ ತೋರಿಸಿ. ಕೈಕೆಲಸ ಗೊತ್ತಿರೋರು ಮೊದಲು ನೋಡೋದು ಅದನ್ನೇ. ಈಗ ಎಐ ಕೈಲಿ ಚಂದದ ಹಿನ್ನೆಲೆ ಮಾಡಿಸೋ ಗೀಳು ಶುರುವಾಗಿದೆ. ಹಿನ್ನೆಲೆ ಹಾಳಾಗಿ ಹೋಗಲಿ, ಅದು ಹಿಡಿಕೆಯ ಆಕಾರ, ಜಿಪ್ಪಿನ ಹಲ್ಲು ಎಲ್ಲಾನೂ ತನಗೆ ತೋಚಿದ ಹಾಗೆ ಬದಲಾಯಿಸಿಬಿಡುತ್ತೆ. ಆಮೇಲೆ ನೀವು ಹೊಲಿಯದ ಬ್ಯಾಗಿಗೆ ನೀವು ಜವಾಬ್ದಾರಿ.

ಒಬ್ಬ ಗಿರಾಕಿ:

ನಾನು ವ್ಯಾಪಾರಿ ಅಲ್ಲ, ಆದರೂ ಹೇಳ್ತೀನಿ. ಹೊಸಬರ ಹತ್ತಿರ ಕೊಳ್ಳೋ ಮುಂಚೆ ನಾನು ಐದು ಸ್ಟಾರಿನ ರಿವ್ಯೂ ಓದೋದೇ ಇಲ್ಲ. ಸೀದಾ ಒಂದು ಸ್ಟಾರ್ ಕೊಟ್ಟವರ ಹತ್ತಿರ ಹೋಗ್ತೀನಿ, ಅದಕ್ಕೆ ಮಾಲೀಕರು ಏನು ಬರೆದಿದ್ದಾರೆ ನೋಡ್ತೀನಿ. "ನಿಮಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಎಲ್ಲರಿಗೂ ಒಂದೇ ಸಾಲು ಅಂಟಿಸಿದ್ದರೆ ಅಲ್ಲಿ ಯಾರೂ ಇಲ್ಲ ಅಂತ ಅನಿಸುತ್ತೆ. ಜಗಳಕ್ಕೆ ನಿಂತಿದ್ದರೆ ಅದಕ್ಕಿಂತ ಕೆಟ್ಟದ್ದು. ಒಂದು ಕಡೆ ಹೀಗಿತ್ತು: "ಜಿಪ್ ಕಿತ್ತು ಬಂದಿದ್ದು ನಿಜ. ಅದೇ ರೋಲಿನ ಜಿಪ್ ಹಾಕಿದ ಬೇರೆಯವುಗಳನ್ನೂ ವಾಪಸ್ ತರಿಸಿಕೊಳ್ತಿದ್ದೀವಿ. ಬದಲಿ ಜಿಪ್ ಹಾಕಿ ನಾವೇ ಕಳಿಸ್ತೀವಿ." ಅವರ ಹತ್ತಿರ ಆಮೇಲೆ ಕಣ್ಣುಮುಚ್ಚಿ ಕೊಂಡೆ.

ವಾಷಿಂಗ್ ಮಷೀನ್ ಸರ್ವಿಸ್‌ನವರು:

ರಿವ್ಯೂ ಮಾತು ಬಂದಿದ್ದಕ್ಕೆ ಸೇರಿಸ್ತೀನಿ. "ರಿವ್ಯೂ ಹಾಕಿದರೆ ಡಿಸ್ಕೌಂಟ್" ಅನ್ನೋದು ಗೂಗಲ್ ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನ ಮಾತ್ರ ಆರಿಸಿ ಕೇಳೋದೂ ವಿರುದ್ಧವೇ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರಿಗೂ ಒಂದೇ ಲಿಂಕ್ ಕಳಿಸಿ, ಬರೆದರೆ ಬರೆಯಲಿ. ದುಡ್ಡು ಕೊಟ್ಟು ರಿವ್ಯೂ ಬರೆಸೋದಂತೂ ಈಗ ಬರೀ ಮರ್ಯಾದೆ ಪ್ರಶ್ನೆಯಾಗಿ ಉಳಿದಿಲ್ಲ. ಅಮೆರಿಕದಲ್ಲಿ ಸುಳ್ಳು ರಿವ್ಯೂ ಕೊಳ್ಳೋದು, ಮಾರೋದು ನಿಷೇಧ ಅಂತ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಎಫ್‌ಟಿಸಿ ಮಾಡಿದ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಗುಣಮಟ್ಟದ ಮಾನದಂಡ ಗೊತ್ತುಮಾಡೋ ಸರ್ಕಾರಿ ಸಂಸ್ಥೆ ಬಿಐಎಸ್ 2022ರಲ್ಲೇ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅನ್ನೋ ಮಾನದಂಡ ತಂದಿದೆ. ಚಿಕ್ಕಮ್ಮ, ಭಾವ, ಪಕ್ಕದ ಮನೆಯವರ ಕೈಲಿ ಐದೈದು ಸ್ಟಾರ್ ಹಾಕಿಸೋದನ್ನೂ ಬಿಟ್ಟುಬಿಡಿ. ಓದಿದ ತಕ್ಷಣ ಗೊತ್ತಾಗುತ್ತೆ, ಎಲ್ಲರೂ "ಸೂಪರ್ ಸರ್ವಿಸ್" ಅಂತಲೇ ಬರೆದಿರ್ತಾರೆ.

ಪೇಜ್ ನೋಡಿಕೊಳ್ಳುವ ಕೆಲಸದವರು:

ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು ಇದು, ಇರಲಿ. ಪೋಸ್ಟ್ ಹಾಕೋಕೆ ಬೇರೆಯವರನ್ನ ಇಟ್ಟುಕೊಳ್ಳಿ, ಮೆಸೇಜ್‌ಗೆ ಉತ್ತರ ಕೊಡೋಕೆ ಮಾತ್ರ ಬೇಡ. "ಈ ಬಟ್ಟೆ ಒಗೆದರೆ ಬಣ್ಣ ಬಿಡುತ್ತಾ?" ಅಂತ ಕೇಳಿದರೆ ನನಗೇನು ಗೊತ್ತು? ನಾನು ಬರೆಯೋದು "ಡಿಎಂ ಮಾಡಿ ಮೇಡಂ" (ಖಾಸಗಿ ಮೆಸೇಜ್ ಹಾಕಿ) ಅಂತಲೇ. ಒಗೆದು ನೋಡಿದವರು ನೀವು.

ಮೇಲಿನ ಸೈಕಲ್‌ನವರ ಮಾತು ಪೂರ್ತಿ ಒಪ್ಪಲ್ಲ. ಮನಸ್ಸು ಬಂದಾಗ ಹಾಕ್ತೀನಿ ಅಂದರೆ ಕೆಲವರಿಗೆ ಮನಸ್ಸು ಬರೋದೇ ಇಲ್ಲ. ಕೊನೆಯ ಪೋಸ್ಟ್ ಹೋದ ವರ್ಷದ್ದಾಗಿದ್ದರೆ ಜನ ವ್ಯವಹಾರವೇ ನಿಂತಿದೆ ಅಂದುಕೊಳ್ತಾರೆ. ದಿನಾ ಬೇಡ, ವಾರಕ್ಕೊಂದು ಸಾಕು. ಆ ಒಂದು ನಿಮ್ಮ ಕೆಲಸದ ಮೇಜಿನಿಂದಲೇ ಬರಲಿ, ರೆಡಿಮೇಡ್ ಶುಭಾಶಯದ ಪೋಸ್ಟರ್‌ಗಳನ್ನ ಎಣಿಸಬೇಡಿ.

ಕೊನೆಗೆ, ಬೀಗದ ಕೈ ಯಾರ ಹತ್ತಿರ ಇದೆ ನೋಡಿಕೊಳ್ಳಿ. ಗೂಗಲ್ ಪ್ರೊಫೈಲ್‌ನಲ್ಲಿ ನೀವು ಓನರ್, ಬೇರೆಯವರು ಮ್ಯಾನೇಜರ್ ಅಷ್ಟೇ ಆಗಿರಬೇಕು. ಡೊಮೈನ್ (ಸ್ವಂತ ವೆಬ್‌ಸೈಟಿನ ವಿಳಾಸ) ಇದ್ದರೆ ಅದು ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ಗೇ ಇರಲಿ. ಇನ್‌ಸ್ಟಾಗ್ರಾಂಗೆ ಎರಡು ಹಂತದ ಲಾಗಿನ್ ಹಾಕಿ. "ನಿಮ್ಮ ಪೇಜ್ ಮೇಲೆ ಕಾಪಿರೈಟ್ ದೂರು ಬಂದಿದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಬೇಡಿ, ಖಾತೆ ಕದಿಯೋರು ಹೂಡೋ ಆಟ ಅದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಬಿಳಿ ಹಾಳೆ ಇಟ್ಟು ನೋಡಿದೆವು, ನಮ್ಮ ಅರ್ಧ ಫೋಟೋ ತೆಗೆದುಹಾಕಬೇಕು! ಇನ್ನೊಂದು: ಹೊಸ ಬ್ಯಾಗ್ ಬಂದಾಗ ವಾಟ್ಸಾಪ್ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜ್ ಎಲ್ಲರಿಗೂ ಒಟ್ಟಿಗೆ) ಕಳಿಸ್ತೀವಿ, ತುಂಬ ಜನಕ್ಕೆ ತಲುಪೋದೇ ಇಲ್ಲ. ಯಾಕೆ?

ಸೈಕಲ್ ರಿಪೇರಿ ಮಾಡುವವರು:

ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗೋದು ಅಕ್ಕಾ. ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ: "ಹೊಸದು ಬಂದಾಗ ತಿಳಿಯಬೇಕಾದರೆ ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ. ಬೇಡದವರು ಸೇವ್ ಮಾಡಲ್ಲ, ಅವರಿಗೆ ಕಿರಿಕಿರಿಯೂ ಇಲ್ಲ.