ಕಡಲು ನೋಡದ ಮಕ್ಕಳು ಮೀನುಗಾರರನ್ನು ಏನು ಕೇಳಬೇಕು?

ಹಾವೇರಿಯ ಶಿಕ್ಷಕಿ:
ಡಿಸೆಂಬರಿನಲ್ಲಿ ಎಂಟನೇ ತರಗತಿಯ 30 ಮಕ್ಕಳನ್ನು ಕುಮಟಾ ಕಡೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿನವರಿಗೆ ಕಡಲಿನ ಬಗ್ಗೆ ಗೊತ್ತಿರುವುದನ್ನು ಮಕ್ಕಳು ಕೇಳಿ ಬರೆದುಕೊಂಡು ಬರಬೇಕು. ಅರ್ಧಕ್ಕರ್ಧ ಮಕ್ಕಳು ಸಮುದ್ರವನ್ನೇ ನೋಡಿಲ್ಲ. ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ಧಾರವಾಡದ ಶಿಕ್ಷಕ:
ಅಕ್ಕಾವ್ರೇ, ನಾವು ಎಡವಿದ್ದನ್ನೇ ಮೊದಲು ಹೇಳುತ್ತೇನೆ. ಇಪ್ಪತ್ತು ಪ್ರಶ್ನೆ ಬರೆದ ಹಾಳೆ ಹಿಡಿದು ಹೋಗಿದ್ದೆವು. "ಇಲ್ಲಿ ಎಷ್ಟು ಬಗೆಯ ಮೀನುಗಳಿವೆ?" ಅಂತ ಒಬ್ಬ ಹುಡುಗ ಓದಿದ. ಬಲೆ ಸರಿಮಾಡುತ್ತಾ ಕೂತಿದ್ದ ಅಜ್ಜ "ಬಹಳ ಇವೆ" ಅಂದರು. ಅಷ್ಟೇ, ಮುಗೀತು. ಆಮೇಲೆ ಹುಡುಗಿಯೊಬ್ಬಳು ಹಾಳೆ ಮಡಚಿಟ್ಟು, "ಅಜ್ಜಾ, ಈ ಬಲೆ ಕಣ್ಣು ಇಷ್ಟು ಸಣ್ಣ, ಅದರದ್ದು ದೊಡ್ಡದು, ಯಾಕೆ?" ಅಂದಳು. ಅಜ್ಜ ಒಂದು ತಾಸು ಮಾತು ನಿಲ್ಲಿಸಲಿಲ್ಲ. ತಾರ್ಲೆಗೆ ಯಾವ ಬಲೆ, ಬಾಂಗಡೆಗೆ ಯಾವುದು, ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳು ಯಾಕೆ ದಡದಲ್ಲೇ ಇರುತ್ತವೆ, ಎಲ್ಲಾ ಬಂತು. ಕೈಯಲ್ಲಿ ಏನಿದೆಯೋ ಅದರ ಬಗ್ಗೆಯೇ ಕೇಳಿಸಿ.

ಇನ್ನೊಂದು. ಹೋಗುವ ಹೊತ್ತನ್ನು ಬಸ್ಸಿನವರನ್ನು ಕೇಳಿ ಗೊತ್ತುಮಾಡಬೇಡಿ, ನೀರಿನ ಇಳಿತ ನೋಡಿ ಗೊತ್ತುಮಾಡಿ. ಕುಮಟಾ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಜನ ಬಳಚು ಆರಿಸಲು ಬರುತ್ತಾರೆ. ಬಳಚು ಅಂದರೆ ಕೆಸರಿನೊಳಗಿನ ಚಿಪ್ಪಿನ ಜೀವಿ. ನಾವು ಹಿಂದಿನ ವಾರ ಹೋಗಿಬಂದವರ ಹತ್ತಿರ ಸಮಯ ಕೇಳಿಕೊಂಡು ಹೋದೆವು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರ ಕಳೆದರೆ ಇಳಿತದ ಹೊತ್ತಿಗೆ ಉಬ್ಬರ! ಬರೀ ನೀರು ನೋಡಿ ಬಂದೆವು. ಹಾಗೆ ಸುಮ್ನೆ ಕೂತಾಗ ಒಬ್ಬರು ಕಗ್ಗದ ಬಗ್ಗೆ ಹೇಳಿದರು, ಉಪ್ಪುನೀರಿನಲ್ಲೂ ಬೆಳೆಯುವ ಭತ್ತ. ರೈತರ ಮಕ್ಕಳಲ್ವಾ, ಆಗ ಕಿವಿ ನೆಟ್ಟಗಾದವು.

ಹುಬ್ಬಳ್ಳಿಯಿಂದ:
ಮೊದಲು ಮೀನು ಮಾರುಕಟ್ಟೆಗೆ ಕರೆದೊಯ್ಯಿರಿ. ಕಿವಿರು ಕೆಂಪಗಿದೆಯಾ, ಕಣ್ಣು ಹೊಳೆಯುತ್ತಿದೆಯಾ ಅಂತ ತಾಜಾ ಮೀನು ಗುರುತಿಸುವುದನ್ನು ಮಾರುವ ಅಕ್ಕಂದಿರು ಚೆನ್ನಾಗಿ ತೋರಿಸುತ್ತಾರೆ. ಗಿರಾಕಿ ಜಾಸ್ತಿ ಇರುವ ಭಾನುವಾರ ಮಾತ್ರ ಬೇಡ, ಬೈಸಿಕೊಳ್ಳುತ್ತೀರಿ.

ಗದಗಿನಿಂದ:
ನಾನಾದರೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಶುರುಮಾಡುತ್ತೇನೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ, ಕತ್ತಲಾದರೆ ಹೊಲದಲ್ಲಿ. ಅವು ಏನು ತಿನ್ನುತ್ತವೆ ಅಂತ ಹೊಲದವರನ್ನು ಕೇಳಿಸಿ, ಪುಸ್ತಕದಲ್ಲಿ ಇಲ್ಲದ್ದು ಸಿಗುತ್ತದೆ. ನಮ್ಮ ಮಾತಿನಲ್ಲೇ ಕೇಳಿ ರೂಢಿಯಾದರೆ ಕುಮಟಾದಲ್ಲಿ ಮಕ್ಕಳು ನಾಚಿಕೊಳ್ಳುವುದಿಲ್ಲ. ಅಂದಹಾಗೆ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಎರಡೂ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಸುದ್ದಿ ಪ್ರಕಟವಾದದ್ದು 2024ರಲ್ಲೇ.

ಹಾವೇರಿಯ ಶಿಕ್ಷಕಿ:
ಪ್ರಶ್ನೆ ಹಾಳೆ ಆಗಲೇ ಜೆರಾಕ್ಸ್ ಮಾಡಿಸಿಬಿಟ್ಟಿದ್ದೆ ಸರ್! ಹಿಂದೆ ಖಾಲಿ ಇದೆ, ಬಲೆ ಚಿತ್ರ ಬಿಡಿಸಲು ಆಗುತ್ತದೆ. ಇಳಿತದ ಹೊತ್ತು ಯಾರನ್ನು ಕೇಳಲಿ?

ಧಾರವಾಡದ ಶಿಕ್ಷಕ:
ಬಳಚು ಆರಿಸುವವರನ್ನೇ. ಆ ಊರಿನ ಶಾಲೆಯವರಿಗೆ ಹಿಂದಿನ ದಿನ ಫೋನ್ ಮಾಡಿ, ಕೇಳಿ ಹೇಳುತ್ತಾರೆ. ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ಇರಲಿ. ಕೆಸರು ಮೊಣಕಾಲಿನ ತನಕ.