ಕುದುರೆ ಕಟ್ಟಿ ಉಳುವ ತೋಟದಲ್ಲಿ ಕೆಲಸ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ನ್ಯೂಜೆರ್ಸಿಯಿಂದ): ಅಕ್ಕಾ, ನಮಸ್ತೆ. ವಯಸ್ಸು 34, ಗ್ರೀನ್ ಕಾರ್ಡ್ ಇದೆ, ಸಾಫ್ಟ್‌ವೇರ್ ಸಾಕಾಗಿದೆ. ಹೋದ ತಿಂಗಳು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಹೋಗಿದ್ದೆ. ಆಮಿಶ್ (ಹಳೇ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡ) ರೈತರೊಬ್ಬರು ಆರು ಕುದುರೆ ಕಟ್ಟಿ ಹೊಲ ಉಳುತ್ತಿದ್ದರು. ಕಾರು ನಿಲ್ಲಿಸಿ ಅರ್ಧ ಗಂಟೆ ನೋಡುತ್ತಾ ನಿಂತೆ. ಚನ್ನರಾಯಪಟ್ಟಣದ ಹತ್ತಿರ ನಮ್ಮಪ್ಪ ಹಳ್ಳಿಕಾರ್ ಜೋಡಿ ಇಟ್ಟಿದ್ದರು, ಅದೇ ನೆನಪಾಯಿತು. ನೀವು ಇಂಥ ತೋಟದಲ್ಲೇ ಕೆಲಸ ಮಾಡುತ್ತೀರಂತೆ. ನನ್ನಂಥವನನ್ನು ಯಾರಾದರೂ ಸೇರಿಸಿಕೊಳ್ಳುತ್ತಾರಾ? ಆಮಿಶರನ್ನೇ ಕೇಳಲಾ?

ಉತ್ತರ: ನಮಸ್ತೆ. ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಕುದುರೆಗಳ ಕಿವಿ ಉದ್ದ ಇತ್ತಾ? ಲ್ಯಾಂಕಾಸ್ಟರ್ ಆಮಿಶರು ಗಾಡಿಗೆ ಕುದುರೆ ಕಟ್ಟಿದರೂ ಹೊಲಕ್ಕೆ ಜಾಸ್ತಿ ಇಳಿಸುವುದು ಹೇಸರಗತ್ತೆಯನ್ನು. ಓಹಿಯೋದ ಹೋಮ್ಸ್ ಕೌಂಟಿಗೆ ಹೋದರೆ ದೊಡ್ಡ ಬೆಲ್ಜಿಯನ್ ಕುದುರೆಗಳು ಕಾಣುತ್ತವೆ.

ಆಮಿಶ್ ಮನೆಯಲ್ಲಿ ಮಕ್ಕಳು ಅಪ್ಪನ ಪಕ್ಕ ನಿಂತು ಕಲಿಯುತ್ತಾರೆ. ಹೊರಗಿನವರನ್ನು ಇಟ್ಟುಕೊಂಡು ಕಲಿಸುವುದು ಅಪರೂಪ. ಆದರೆ ಜುಲೈ ಆರಂಭದಲ್ಲಿ, ಪ್ರತಿ ವರ್ಷ ಬೇರೆ ಬೇರೆ ಊರಲ್ಲಿ, ‘ಹಾರ್ಸ್ ಪ್ರೋಗ್ರೆಸ್ ಡೇಸ್’ ನಡೆಯುತ್ತದೆ. ಯಾರು ಬೇಕಾದರೂ ಹೋಗಬಹುದು. ಹೊಸ ನೇಗಿಲು, ಹುಲ್ಲು ಕತ್ತರಿಸುವ ಮಷೀನುಗಳನ್ನು ಕುದುರೆ ಕಟ್ಟಿ ಓಡಿಸಿಯೇ ತೋರಿಸುತ್ತಾರೆ. ಒಮ್ಮೆ ಹೋಗಿ ಬನ್ನಿ.

ಕೆಲಸ ಕಲಿಯಲು ವರ್ಮಾಂಟ್, ನ್ಯೂಯಾರ್ಕ್ ಕಡೆಯ ಸಣ್ಣ ತರಕಾರಿ ತೋಟಗಳನ್ನು ಹುಡುಕಿ. ಕೆಲವೇ ಎಕರೆ, ಒಂದೋ ಎರಡೋ ಜೋಡಿ ಕುದುರೆ ಇರುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಸೀಸನ್. ಮಲಗಲು ಒಂದು ರೂಮು, ಬೇಕಾದಷ್ಟು ತರಕಾರಿ, ಸ್ವಲ್ಪ ದುಡ್ಡು. ಈಗಿನ ಸಂಬಳ ಮನಸ್ಸಿಗೇ ತಂದುಕೊಳ್ಳಬೇಡಿ.

ಶುರುವಿನಲ್ಲಿ ಯಾರೂ ನಿಮ್ಮ ಕೈಗೆ ಲಗಾಮು ಕೊಡುವುದಿಲ್ಲ. ಲದ್ದಿ ಬಾಚಬೇಕು, ಹುಲ್ಲು ಹಾಕಬೇಕು, ಮೈ ಉಜ್ಜಬೇಕು. 900 ಕಿಲೋ ಕುದುರೆ ದಿನಕ್ಕೆ 15 ಕಿಲೋಗೂ ಜಾಸ್ತಿ ಒಣಹುಲ್ಲು ತಿನ್ನುತ್ತದೆ. ಉಳಿದ ಹೊತ್ತೆಲ್ಲ ಬೀಟ್‌ರೂಟ್ ಕಳೆ ಕೀಳುವುದು. ನಾನೂ ಮೊದಲ ವರ್ಷ ಮುಖ ಊದಿಸಿಕೊಂಡಿದ್ದೆ, ಕುದುರೆ ಕಲಿಯಲು ಬಂದವಳಿಗೆ ಇದೇನು ಅಂತ.

ಎರಡನೇ ಸೀಸನ್‌ನಲ್ಲಿ ಬುದ್ಧಿ ಬಂತು. ಜೂನ್ ತಿಂಗಳು, ಹುಲ್ಲು ಕೊಯ್ಯುವ ಗಡಿಬಿಡಿ. ಕುದುರೆ ಭಾರ ಎಳೆಯುವುದು ಹೆಗಲಿನ ಮೇಲೆ ಕೂರುವ ಕಾಲರ್‌ನಿಂದ. ಚರ್ಮದ ಹೊದಿಕೆ, ಒಳಗೆ ತುಂಬಿದ ದಿಂಬು. ಹಿಂದಿನ ದಿನದ ಬೆವರು ಅದರ ಒಳಮೈಯಲ್ಲಿ ಒಣಗಿ, ಮಣ್ಣು ಸೇರಿ ಉಪ್ಪುಕಾಗದದಂತೆ ಆಗಿತ್ತು. ಒರೆಸಲು ಎರಡು ನಿಮಿಷ ಸಾಕಿತ್ತು. ಸುಮ್ನೆ ಹಾಗೇ ಹಾಕಿದೆ. ನಮ್ಮ ಪರ್ಶೆರಾನ್ ತಳಿಯ ಕಪ್ಪು ಹೆಣ್ಣು ಕುದುರೆ ಬೆಳಿಗ್ಗೆಯೇ ತಲೆ ಒದರುತ್ತಿತ್ತು, ನೊಣ ಅಂದುಕೊಂಡೆ. ಮಧ್ಯಾಹ್ನ ಕಾಲರ್ ಬಿಚ್ಚಿದರೆ ಎಡ ಹೆಗಲಿನ ಚರ್ಮ ಎದ್ದುಬಂದಿತ್ತು. ಗಾಯ ಮಾಯುವವರೆಗೆ ಅದನ್ನು ಹೂಡುವಂತಿಲ್ಲ. ಒಂದೇ ಕುದುರೆಯಿಂದ ಆ ಕೆಲಸ ಆಗುವುದಿಲ್ಲ. ಕೊಯ್ದ ಹುಲ್ಲು ಮಳೆಗೆ ಸಿಕ್ಕಿತು. ಯಜಮಾನರು ಬೈಯಲಿಲ್ಲ, ಕೈಗೆ ಒದ್ದೆ ಬಟ್ಟೆ ಕೊಟ್ಟು ಹೋದರು. ಬೈದಿದ್ದರೇ ವಾಸಿ ಇತ್ತು.

ಅದೇ ಪ್ರಶ್ನೆಗಾರರು: ಎತ್ತು ಹೂಡಿ ಗೊತ್ತಿರುವುದು ಏನಾದರೂ ಉಪಯೋಗಕ್ಕೆ ಬರುತ್ತಾ ಅಕ್ಕಾ?

ಉತ್ತರ: ಮಣ್ಣಿನ ಹದ ನೋಡುವುದು, ಸಾಲು ನೆಟ್ಟಗೆ ಹಿಡಿಯುವುದು, ಪ್ರಾಣಿಯ ಮುಖ ನೋಡಿ ಸುಸ್ತು ತಿಳಿಯುವುದು ಎಲ್ಲ ಬರುತ್ತದೆ. ಜೋಡಿಯಲ್ಲಿ ಎಡಕ್ಕೆ ಒಗ್ಗಿದ್ದನ್ನು ಬಲಕ್ಕೆ ಕಟ್ಟಿದರೆ ಆಗುವ ಪಜೀತಿಯೂ ಅದೇ! ಆದರೆ ಎತ್ತು ಹೆದರಿದರೆ ಸಾಮಾನ್ಯವಾಗಿ ನಿಂತು ನೋಡುತ್ತದೆ. ಕುದುರೆ ಮೊದಲು ಓಡುತ್ತದೆ, ಆಮೇಲೆ ಯೋಚಿಸುತ್ತದೆ. ಅದಕ್ಕೇ ಇಲ್ಲಿ ಕೆಲವು ಕಟ್ಟುಪಾಡುಗಳಿವೆ. ಹೂಡುವಾಗ ಲಗಾಮು ಮೊದಲು ಕೈಗೆ ಬರಬೇಕು, ಎಳೆಯುವ ಪಟ್ಟಿ ಕೊನೆಗೆ ಸಿಕ್ಕಿಸಬೇಕು. ಬಿಚ್ಚುವಾಗ ಇದರ ಉಲ್ಟಾ. ಗಾಡಿಗೆ ಕಟ್ಟಿರುವಾಗ ತಲೆಪಟ್ಟಿ ಯಾವ ಕಾರಣಕ್ಕೂ ಬಿಚ್ಚಬಾರದು. ಲಗಾಮನ್ನು ಕೈಗೆ ಸುತ್ತಿಕೊಳ್ಳಬಾರದು. ಹಿಂದಿನಿಂದ ಹೋಗುವಾಗ ಮಾತಾಡುತ್ತಾ ಹೋಗಬೇಕು, ಬಾಲದ ನೇರಕ್ಕೆ ಅದಕ್ಕೆ ಕಣ್ಣು ಕಾಣಿಸುವುದಿಲ್ಲ.

ಮಾತೂ ಕಲಿಯಬೇಕು. ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ, ‘ವೋ’ ಅಂದರೆ ನಿಲ್ಲು. ನಮ್ಮ ಹಿಂದಿ ಅಭ್ಯಾಸಕ್ಕೆ ‘ಹಾ ಜೀ’ ಅಂದುಬಿಟ್ಟರೆ ಕುದುರೆ ಪಾಪ ಯಾವ ಕಡೆ ತಿರುಗಬೇಕು?

ಇನ್ನೊಬ್ಬರು (ಧಾರವಾಡದಿಂದ): ಮೇಡಂ, ಬಿ.ಎಸ್ಸಿ. ಅಗ್ರಿ ಕೊನೇ ವರ್ಷ ಓದುತ್ತಿದ್ದೇನೆ. ಟೂರಿಸ್ಟ್ ವೀಸಾದಲ್ಲಿ ಬಂದು ಊಟ, ವಸತಿ ಮಾತ್ರ ತಗೊಂಡು ಕೆಲಸ ಮಾಡಬಹುದಾ?

ಉತ್ತರ: ಬೇಡಪ್ಪಾ. ದುಡ್ಡು ತಗೊಳ್ಳದಿದ್ದರೂ ಊಟಕ್ಕೆ ಬದಲಾಗಿ ಮಾಡುವುದು ಕೆಲಸವೇ. ಮುಂದಿನ ವೀಸಾಗೂ ಕಲ್ಲು ಬೀಳುತ್ತದೆ. ಜೆ-1 ವೀಸಾದಲ್ಲಿ ಇಂಟರ್ನ್ ಅನ್ನುವ ವಿಭಾಗವಿದೆ. ಓದುತ್ತಿರುವಾಗ, ಅಥವಾ ಮುಗಿದ 12 ತಿಂಗಳೊಳಗೆ ಅದರಲ್ಲಿ ಬರಬಹುದು. ಅದಕ್ಕೆ ಅಮೆರಿಕ ಸರ್ಕಾರ ಒಪ್ಪಿದ ಸ್ಪಾನ್ಸರ್ ಸಂಸ್ಥೆ ಬೇಕು. ಏಜೆಂಟರಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಕಾಲೇಜಿನಲ್ಲಿ ಕೇಳಿ.

ಮತ್ತೊಬ್ಬರು: ನಾನು 5 ಅಡಿ ಎತ್ತರದ ಹೆಂಗಸು. ಅಷ್ಟು ದೊಡ್ಡ ಪ್ರಾಣಿ ನನ್ನ ಮಾತು ಕೇಳುತ್ತಾ?

ಉತ್ತರ: ನಾನು 5 ಅಡಿ 1 ಇಂಚು. ನಮ್ಮ ಕುದುರೆ ಹೆಗಲಿಗೇ 17 ಹ್ಯಾಂಡ್, ಅಂದರೆ 5 ಅಡಿ 8 ಇಂಚು. ಎಳೆದಾಟಕ್ಕೆ ನಿಂತರೆ ಪೈಲ್ವಾನನೂ ಸೋಲುತ್ತಾನೆ. ಕಷ್ಟ ಅಂದರೆ ಸರಂಜಾಮು ಎತ್ತಿ ಬೆನ್ನ ಮೇಲೆ ಹಾಕುವುದು ಮಾತ್ರ. ನಾನು ಸ್ಟೂಲ್ ಹತ್ತುತ್ತೇನೆ.

ಮೊದಲ ಪ್ರಶ್ನೆಗಾರರು: ಎರಡು ತೋಟದವರು ಬಂದು ನೋಡಿ ಅಂದಿದ್ದಾರೆ. ಒಳ್ಳೇದು ಯಾವುದು ಅಂತ ಹೇಗೆ ತಿಳಿಯಲಿ?

ಉತ್ತರ: ಒಂದು ದಿನ ಪೂರ್ತಿ ಇದ್ದು ಕೆಲಸ ಮಾಡಿ ಬನ್ನಿ. ಹಿಂದಿನ ವರ್ಷ ಕಲಿತವರ ಫೋನ್ ನಂಬರ್ ಕೇಳಿ. ಕೊಡಲು ಹಿಂಜರಿದರೆ ಅಲ್ಲೇ ಗೊತ್ತಾಯಿತು ಅಲ್ವಾ. ಹೊಸಬರಿಗೆ ಯಾವ ಕುದುರೆ ಕೊಡುತ್ತಾರೆ ಕೇಳಿ. 15-18 ವರ್ಷದ, ಕೆಲಸ ತಿಳಿದ ಹಳೇ ಕುದುರೆ ಅಂದರೆ ಸಂತೋಷ. ‘ಎಳೇ ಕುದುರೆ ಇದೆ, ಇಬ್ಬರೂ ಒಟ್ಟಿಗೆ ಕಲಿಯಿರಿ’ ಅಂದರೆ ಕೈ ಮುಗಿದು ಬನ್ನಿ.

ಕಾಲರ್ ಕೂರುವ ಜಾಗವನ್ನೂ ನೋಡಿ. ಹಳೇ ಗಾಯದ ಮೇಲೆ ಕೂದಲು ಬಿಳಿಯಾಗಿ ಹುಟ್ಟುತ್ತದೆ. ಎಲ್ಲ ಕುದುರೆಗೂ ಬಿಳಿ ಮಚ್ಚೆ ಇದ್ದರೆ ಆ ತೋಟ ಬೇಡ. ಒಂದಕ್ಕೆ, ಒಂದೇ ಕಡೆ ಇದ್ದರೆ ಏನಾಯಿತು ಅಂತ ಕೇಳಿ. ನಮ್ಮ ಪರ್ಶೆರಾನ್‌ಗೆ ಎಡ ಹೆಗಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಇದೆ. ಬಂದವರೆಲ್ಲ ಕೇಳುತ್ತಾರೆ, ನಾನೇ ಹೇಳುತ್ತೇನೆ.