‘ಏರ್ ಹಿಡಿದಿದೆ’, ‘ವೇಪರ್ ಲಾಕ್’ – ಎರಡೂ ಒಂದೇನಾ?

ಪ್ರಶ್ನೆ: ಐಟಿಐ ವಿದ್ಯಾರ್ಥಿಗಳಿಗಾಗಿ ವಾಹನ ದುರಸ್ತಿಯ ಕೈಪಿಡಿ ಬರೆಯುತ್ತಿದ್ದೇವೆ. ಬೇಸಿಗೆಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಗ್ಯಾರೇಜಿನಲ್ಲಿ ‘ಏರ್ ಹಿಡಿದಿದೆ’, ‘ಏರ್ ಲಾಕ್’, ‘ವೇಪರ್ ಲಾಕ್’ ಅಂತ ಮೂರನ್ನೂ ಹೇಳುತ್ತಾರೆ. ಮೂರಕ್ಕೂ ‘ಆವಿಬಂಧ’ ಎಂಬ ಒಂದೇ ಪದ ಸಾಕೇ?

ಉತ್ತರ: ಸಾಲದು. ಮೊದಲೆರಡು ಒಂದು ದೋಷ, ಮೂರನೆಯದು ಬೇರೆ.

‘ಏರ್ ಹಿಡಿದಿದೆ’ ಎನ್ನುವುದು ಡೀಸೆಲ್ ಗಾಡಿಯ ಮಾತು. ಟ್ಯಾಂಕ್ ಬರಿದಾಗುವ ತನಕ ಓಡಿಸಿದಾಗ, ಫಿಲ್ಟರ್ ಬದಲಿಸಿದಾಗ, ಪೈಪು ಸೀಳಿದಾಗ ಹೊರಗಿನ ಗಾಳಿ ಡೀಸೆಲ್ ಹರಿಯುವ ಲೈನಿಗೆ ಸೇರಿಕೊಳ್ಳುತ್ತದೆ. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ, ಮಳೆಗಾಲದಲ್ಲೂ ಹಿಡಿಯುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿದರೆ ಏರ್ ತೆಗೆದಂತಾಯಿತು.

ವೇಪರ್ ಲಾಕ್ ಪೆಟ್ರೋಲಿನದು. ಹೊರಗಿನಿಂದ ಏನೂ ಬಂದಿಲ್ಲ, ಪೆಟ್ರೋಲೇ ಲೈನಿನೊಳಗೆ ಕುದಿದಿದೆ. ಅದರ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬೊರೇಟರ್ ಇದ್ದ ಹಳೆಯ ಮಾರುತಿ 800 – ಇವುಗಳಲ್ಲಿ ಪಂಪು ಇಂಜಿನ್ನಿನ ಮೈಮೇಲೇ ಕೂತು, ದೂರದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯಬೇಕು. ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಇಳಿದಷ್ಟೂ ಕುದಿ ಬೇಗ. ಆಮೇಲೆ ಪಂಪು ಎಷ್ಟು ಹೊಡೆದರೂ ಆವಿಯೇ ಹಿಗ್ಗಿ ಕುಗ್ಗುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾಯುವುದೇ ಮದ್ದು. ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ತಳ್ಳುವುದರಿಂದ ಈ ದೋಷ ಅಪರೂಪ. ಈಗಿನ ಕಾರು ನಿಂತಾಗಲೂ ವೇಪರ್ ಲಾಕ್ ಎನ್ನುವ ರೂಢಿಯನ್ನು ಕೈಪಿಡಿ ಮುಂದುವರಿಸಬಾರದು.

ಪದದ ಮಾತಿಗೆ ಬಂದರೆ, ಹರಿಯಬೇಕಾದ್ದು ತಡೆದು ನಿಂತರೆ ನಾವು ‘ಕಟ್ಟು’ ಎನ್ನುತ್ತೇವೆ: ಮೂಗು ಕಟ್ಟುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ಹೊರಗಿನದು ಬಂದು ಸೇರಿದರೆ ‘ಹಿಡಿ’: ಧೂಳು ಹಿಡಿಯುತ್ತದೆ, ಜಿಡ್ಡು ಹಿಡಿಯುತ್ತದೆ. ಆದ್ದರಿಂದ ಡೀಸೆಲಿಗೆ ‘ಏರ್ ಹಿಡಿದಿದೆ’, ಪೆಟ್ರೋಲಿಗೆ ‘ಆವಿ ಕಟ್ಟಿದೆ’ ಎಂದು ಬರೆದರೆ ಕ್ರಿಯಾಪದವೇ ದೋಷದ ಬೇರನ್ನು ತೋರಿಸುತ್ತದೆ. ‘ಗಾಳಿ ಹಿಡಿದಿದೆ’ ಮಾತ್ರ ಬೇಡ, ಅದಕ್ಕೆ ದೆವ್ವ ಮೆಟ್ಟಿದ ಅರ್ಥ ಬಹಳ ಹಿಂದಿನಿಂದ ಅಂಟಿಕೊಂಡಿದೆ.

ಇದಕ್ಕಿಂತ ಮುಖ್ಯವಾಗಿ ಕೈಪಿಡಿಯಲ್ಲಿ ‘ಬಿಸಿಲಿಗೆ ಸ್ಟಾರ್ಟ್ ಆಗಲ್ಲ’ ಎಂಬ ಒಂದೇ ತಲೆಬರಹ ಇಡಬೇಡಿ. ಬಿಸಿಲಿಗೆ ನಿಂತ ಗಾಡಿ ಬೇರೆ, ಓಡಿ ಕಾದ ಗಾಡಿ ಬೇರೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ದಿನವಿಡೀ ನಿಂತಿದ್ದರೂ ಇಂಜಿನ್ ಕಾಯದ ಗಾಡಿ ಸ್ಟಾರ್ಟ್ ಆಗಲೇಬೇಕು. ಆಗದಿದ್ದರೆ ಮೊದಲು ಬ್ಯಾಟರಿ ನೋಡಿ. ಸೆಕೆಗೆ ನೀರು ಆರಿ ಪ್ಲೇಟು ಹೊರಗೆ ಕಂಡಿರಬಹುದು. ಡಿಸ್ಟಿಲ್ಡ್ ವಾಟರ್ ಪ್ಲೇಟಿನ ಮೇಲೆ 10 ಮಿಲಿಮೀಟರ್‌ನಷ್ಟು ನಿಲ್ಲಬೇಕು. ಓಡಿ ಬಂದು ಚಹಾಕ್ಕೆ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದಾಗ ಕೈಕೊಡುವುದು ಕಾವಿನ ದೋಷ. ಇಂಜಿನ್ ಆಫ್ ಮಾಡಿದೊಡನೆ ಕೂಲೆಂಟ್ ಹರಿವು ನಿಲ್ಲುತ್ತದೆ, ಬಾನೆಟ್ಟಿನೊಳಗಿನ ಕಾವು ಇಳಿಯುವ ಮೊದಲು ಸ್ವಲ್ಪ ಹೊತ್ತು ಏರುತ್ತದೆ.

ಕಾದ ಗಾಡಿಯಲ್ಲೂ ಎರಡು ಮಾತಿವೆ. ಗ್ಯಾರೇಜಿನವರು ಅವನ್ನು ಸರಿಯಾಗಿಯೇ ಬೇರ್ಪಡಿಸುತ್ತಾರೆ.

‘ಸೆಲ್ಫ್ (ಸ್ಟಾರ್ಟರ್ ಮೋಟರ್) ತಗೊಳ್ತಿಲ್ಲ’ ಎಂದರೆ ಇಂಜಿನ್ ತಿರುಗುತ್ತಲೇ ಇಲ್ಲ. ‘ಟಕ್’ ಎಂದು ಸುಮ್ಮನಾಗುತ್ತದೆ. ತಾಮ್ರದ ಸುರುಳಿ 25 ಡಿಗ್ರಿಯಿಂದ 100ಕ್ಕೆ ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇಕಡಾ 30 ಹೆಚ್ಚುತ್ತದೆ, ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಕಾಂತದ ಸ್ವಿಚ್ಚಾದ ಸೊಲೆನಾಯ್ಡ್ ಎಳೆಯುವ ಬಲ ಕುಗ್ಗುತ್ತದೆ. ಸೆಲ್ಫ್ ಹೊಡೆಯುತ್ತಲೇ ಬ್ಯಾಟರಿಗೆ ಮೀಟರ್ ಇಟ್ಟರೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಹಾಗೆಯೇ ಸೆಲ್ಫ್ ಹೊಡೆಯುತ್ತಾ ಬ್ಯಾಟರಿ ಪ್ಲಸ್ಸಿನಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ವೈರು ಅಥವಾ ಟರ್ಮಿನಲ್ ಕೆಟ್ಟಿದೆ. ಅದನ್ನು ನೋಡದೆ ಸ್ಟಾರ್ಟರ್ ಇಳಿಸುವುದು ದಂಡದ ಖರ್ಚು.

‘ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗಲ್ಲ’ ಎಂದರೆ ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗಿದೆ. ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ‘ಓವರ್‌ಫ್ಲೋ’. ಚೋಕ್ ಎಳೆಯದೆ, ಆಕ್ಸಿಲೇಟರನ್ನು ಪದೇಪದೇ ತುಳಿಯದೆ, ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಬೇಕು. ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಹಾಗೆ ಒತ್ತಿದಾಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಪ್ಲಗ್ ಒಣಗಿದ್ದು ಕಿಡಿಯೂ ಇಲ್ಲವೆಂದರೆ, ಇಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಕಾದಾಗ ಒಳಗಿನ ಸುರುಳಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಕದಲದಿರುವುದು ಹಲವು ಕಾರುಗಳಲ್ಲಿ ಇದರ ಗುರುತು. ಅರ್ಧ ಗಂಟೆ ಬಿಟ್ಟು ತಾನಾಗಿ ಸ್ಟಾರ್ಟ್ ಆಗುವುದರಿಂದಲೇ ಇದಕ್ಕೆ ವೇಪರ್ ಲಾಕ್ ಎಂಬ ತಪ್ಪು ಹೆಸರು ಬೀಳುತ್ತದೆ.

ಡೀಸೆಲಿನಲ್ಲೂ ಕಾವಿನ ದೋಷ ಒಂದಿದೆ, ಅದನ್ನು ಏರ್ ಎಂದು ಬರೆಯಬೇಡಿ. ಇಂಜೆಕ್ಟರಿಗೆ ಡೀಸೆಲ್ ಒತ್ತುವ ಹಳೆಯ ರೋಟರಿ ಪಂಪು ಸವೆದಿದ್ದರೆ, ಕಾದು ತೆಳುವಾದ ಡೀಸೆಲ್ ಒಳಗೇ ಸೋರಿ ಒತ್ತಡ ಏರುವುದಿಲ್ಲ. ಇಂಜಿನ್ ಆಫ್ ಇದ್ದಾಗ ಪಂಪಿಗೆ ಒದ್ದೆ ಗೋಣಿಚೀಲ ಹೊದಿಸಿ, ಆರಿದ ಮೇಲೆ ಸ್ಟಾರ್ಟ್ ಆದರೆ ‘ಪಂಪು ಸವೆದಿದೆ’ ಎಂದೇ ಬರೆಯಿರಿ.